ಬಾವಿ ಅಳೆಯುವವಳು ಮಹಾಸಭೆಗೆ ಹೋದದ್ದು

ಆ ಊರಿನಲ್ಲಿ ಕಳಿಸಿಕೊಡುವುದು ಪದ್ಧತಿಯಾಗಿತ್ತು. ಹೋಗುವುದು ಪದ್ಧತಿಯಾಗಿರಲಿಲ್ಲ.

ಊರಿನವರೆಲ್ಲ ಏನಾದರೊಂದನ್ನು ಗಮನಿಸಿ ಬರೆದಿಡುತ್ತಿದ್ದರು. ಒಬ್ಬ ಮೋಡ ಎಣಿಸುತ್ತಿದ್ದ. ಒಬ್ಬಳು ಇರುವೆಗಳು ಹೋಗುವ ದಾರಿಯನ್ನು ಗೆರೆ ಎಳೆದು ಇಡುತ್ತಿದ್ದಳು. ಒಬ್ಬ ಬೀಜ ತೂಗುತ್ತಿದ್ದ. ಇಂಥವರು ತಾವು ಕಂಡದ್ದನ್ನು ತಿಳಿದವರ ಮುಂದೆ ಇಟ್ಟು, ಸರಿಯೋ ತಪ್ಪೋ ಕೇಳಿಕೊಂಡು ಬರಲಿ ಎಂದು ಹತ್ತೊಂಬತ್ತು ದಿನದ ದಾರಿಯಾಚೆ ವರ್ಷಕ್ಕೊಮ್ಮೆ ಮಹಾಸಭೆ ಸೇರುತ್ತಿತ್ತು. ಊರಿನ ಆಯ್ಕೆ ಮಂಡಳಿ ಪ್ರತಿವರ್ಷ ಒಬ್ಬರನ್ನು ಆರಿಸಿ ಅವರಿಗೆ ಪುರಸ್ಕಾರ ಕೊಡುತ್ತಿತ್ತು, ಜೊತೆಗೆ ಪ್ರಯಾಣದ ನೆರವನ್ನೂ ಕೊಡುತ್ತಿತ್ತು.

ಪುರಸ್ಕಾರವೆಂದರೆ ಕಲ್ಲು. ಊರಿಗೆ ಇದ್ದ ಒಂದೇ ಬಾವಿಯ ಕಟ್ಟೆಯ ಮೇಲೆ ಒಂದು ಸುತ್ತು ಕಲ್ಲು ಕೂರಿಸಿ, ಅದರಲ್ಲೊಂದು ಕಲ್ಲಿಗೆ ಪುರಸ್ಕೃತರ ಹೆಸರು ಕೆತ್ತುತ್ತಿದ್ದರು. ನೀರಿಗೆ ಎಲ್ಲರೂ ಬರುತ್ತಾರೆ, ಬಂದವರೆಲ್ಲ ಓದುತ್ತಾರೆ ಎಂಬುದು ಮಂಡಳಿಯ ಆಲೋಚನೆ. ಪ್ರಯಾಣದ ನೆರವೆಂದರೆ ಒಂದು ಜೊತೆ ಚಪ್ಪಲಿ, ಒಂದು ಕೊಡೆ, ಒಂದು ಊರುಗೋಲು, ಒಂದು ಬುತ್ತಿ. ಬುತ್ತಿ ಮಾತ್ರ ಪ್ರತಿವರ್ಷ ಹೊಸದು. ಮಿಕ್ಕದ್ದು ಮೊದಲ ವರ್ಷ ತಂದದ್ದೇ. ಚಪ್ಪಲಿಗೆ ಅರಿಶಿನ ಕುಂಕುಮ ಮೆತ್ತಿತ್ತು, ಮಣ್ಣು ಮೆತ್ತಿರಲಿಲ್ಲ.

ಗೊತ್ತುಪಡಿಸಿದ ದಿನ ಊರೆಲ್ಲ ಸೇರಿ, ಪುರಸ್ಕೃತರಿಗೆ ಹಾರ ಹಾಕಿ, ಗಡಿಯ ಬೇವಿನ ಮರದ ತನಕ ನಡೆಸಿಕೊಂಡು ಹೋಗುತ್ತಿತ್ತು. ಪುರಸ್ಕೃತರು “ಹೋಗಿ ಬರ್ತೀನಿ” ಎನ್ನುತ್ತಿದ್ದರು. ಊರು “ಹೋಗಿ ಬಾ” ಎನ್ನುತ್ತಿತ್ತು. ಮೂರು ಸಲ ಹೀಗೆ ಆಡಿಕೊಂಡ ಮೇಲೆ ಊರು ಬೆನ್ನು ತಿರುಗಿಸಿ ನಿಲ್ಲುತ್ತಿತ್ತು. ಪುರಸ್ಕೃತರು ಬೇಲಿಯ ಸಂದಿಯಿಂದ ನುಸುಳಿ, ಹಿತ್ತಿಲ ಬಾಗಿಲಿಂದ ಮನೆ ಸೇರಿ, ಅಟ್ಟ ಹತ್ತಿ, ನಲವತ್ತು ದಿನ ಅಲ್ಲೇ ಇರುತ್ತಿದ್ದರು. ಮನೆಯವರು ಅಟ್ಟಕ್ಕೆ ಊಟ ಕೊಡುತ್ತ, ಬೀದಿಗೆ ಕೇಳುವ ಹಾಗೆ “ಎಲ್ಲಿದ್ದಾರೋ, ಏನು ತಿಂತಿದ್ದಾರೋ” ಎಂದು ನಿಟ್ಟುಸಿರು ಬಿಡುತ್ತಿದ್ದರು.

ನಲವತ್ತನೇ ದಿನ ಸ್ವಾಗತ. ಆಮೇಲೆ ವರದಿ. ವರದಿ ಪೆಟ್ಟಿಗೆಯಲ್ಲಿ ಮೊದಲ ವರ್ಷದಿಂದ ಸಿದ್ಧವಾಗಿಯೇ ಇತ್ತು: “ಮಹಾಸಭೆ ಬಹಳ ಉಪಯುಕ್ತವಾಗಿತ್ತು. ನಮ್ಮ ಮಾತನ್ನು ಕೇಳಿ, ಒಪ್ಪಿ, ಮೆಚ್ಚಿತು.” ಊರು ಚಪ್ಪಾಳೆ ತಟ್ಟುತ್ತಿತ್ತು. ಹೀಗೆ ಮೂವತ್ತೈದು ವರ್ಷ ನಡೆದಿತ್ತು. ಯಾರಿಗೂ ತೊಂದರೆಯಾಗಿರಲಿಲ್ಲ.

ಮೂವತ್ತಾರನೇ ವರ್ಷ ಮಂಡಳಿ ಬಾವಿ ಅಳೆಯುವವಳನ್ನು ಆರಿಸಿತು.

ಅವಳು ಇಪ್ಪತ್ತೆರಡು ವರ್ಷದಿಂದ ಬಾವಿ ಅಳೆಯುತ್ತಿದ್ದಳು. ವರ್ಷದ ಕೊನೆಯ ದಿನ ಮೆಟ್ಟಿಲು ಹತ್ತಿ ಕಟ್ಟೆಯ ಮೇಲೆ ನಿಲ್ಲುವಳು. ಹಗ್ಗ ಬಿಡುವಳು. ಹಗ್ಗ ನೀರು ಮುಟ್ಟುವುದು. ಬರೆಯುವಳು. ಪ್ರತಿವರ್ಷ ನೀರು ನಾಲ್ಕು ಬೆರಳು ಕೆಳಗೆ ಹೋಗಿರುತ್ತಿತ್ತು. ಮೂರೂವರೆ ಅಲ್ಲ, ಐದಲ್ಲ, ನಾಲ್ಕು. ಮೊದಲು ಅವಳಿಗೆ ಇದೊಂದು ಸೋಜಿಗವಾಗಿತ್ತು. ಆಮೇಲೆ ಅಭ್ಯಾಸವಾಯಿತು. ಆಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದಳು. ಬಾವಿಯ ತಳ ನಲವತ್ತು ಮೊಳಕ್ಕೆ ಎಂದು ಅದನ್ನು ತೋಡಿದವರು ಬರೆದಿಟ್ಟಿದ್ದರು. ನೀರು ಆಗಲೇ ಮೂವತ್ತೆಂಟು ಮೊಳ ನಾಲ್ಕು ಬೆರಳಿಗೆ ಇಳಿದಿತ್ತು. ಮೊಳಕ್ಕೆ ಇಪ್ಪತ್ತನಾಲ್ಕು ಬೆರಳಿನ ಲೆಕ್ಕದಲ್ಲಿ ಉಳಿದದ್ದು ಹನ್ನೊಂದು ವರ್ಷ.

ನೀರು ಸೇದುವ ಹೆಂಗಸರನ್ನು ಕೇಳಿದರೂ ಅದೇ ಮಾತು. “ಬಾವಿ ಕೆಳಗೆ ಹೋಗ್ತಾ ಇದೆ ಕಣೇ. ನಮ್ಮತ್ತೆ ಕಾಲದ ಹಗ್ಗಕ್ಕೆ ಎಷ್ಟು ತುಂಡು ಗಂಟು ಹಾಕಿದ್ದೀನಿ ನೋಡು. ಅದರ ಮೇಲೆ ಈ ಮೆಟ್ಟಿಲು ಬೇರೆ, ಮಂಡಿ ಮುರಿದು ಕೈಗೆ ಬರುತ್ತೆ.” ವರ್ಷಕ್ಕೊಂದು ಸುತ್ತು ಕಲ್ಲು ಕೂತ ಹಾಗೆ ವರ್ಷಕ್ಕೊಂದು ಮೆಟ್ಟಿಲೂ ಕೂರುತ್ತಿತ್ತು. ಮಂಡಿ ನೋವಿಗೆ ಊರಿನಲ್ಲಿ ಎಣ್ಣೆ ಕಾಯಿಸುವವಳು ಬೇರೆಯೇ ಇದ್ದಳು.

ಅರ್ಜಿಯಲ್ಲಿ ಸಾರಾಂಶವನ್ನು ನೂರು ಪದಗಳಲ್ಲಿ ಬರೆಯಬೇಕೆಂದಿತ್ತು. ಅವಳು “ಬಾವಿ ಬತ್ತುತ್ತಿದೆ, ಹನ್ನೊಂದು ವರ್ಷ ಉಳಿದಿದೆ” ಎಂದು ಬರೆದಳು. ಇನ್ನೂ ತೊಂಬತ್ತೈದು ಪದ ಬಾಕಿ ಇವೆ ಎಂದು ಮಂಡಳಿ ಅರ್ಜಿಯನ್ನು ಹಿಂದಕ್ಕೆ ಕಳಿಸಿತು. ಅವಳು ಅದೇ ವಾಕ್ಯವನ್ನು ಇಪ್ಪತ್ತು ಸಲ ಬರೆದು ಕೊಟ್ಟಳು. ಮಂಡಳಿಗೆ ತೃಪ್ತಿಯಾಯಿತು.

ಮಂಡಳಿಯ ಹಿರಿಯ ಅವಳನ್ನು ಕರೆಸಿದ. ಮೂವತ್ತೈದು ವರ್ಷದ ಹಿಂದೆ ಮೊಟ್ಟಮೊದಲ ಪುರಸ್ಕಾರ ಪಡೆದವನು ಅವನೇ. ಕಟ್ಟೆಯ ತಳದ ಸುತ್ತಿನಲ್ಲಿ ಇದ್ದದ್ದು ಅವನ ಹೆಸರು.

“ಇಪ್ಪತ್ತೆರಡು ವರ್ಷ, ಒಂದು ಬೆರಳೂ ಆಚೀಚೆ ಇಲ್ಲ,” ಎಂದ. “ಇಂಥ ಅಳತೆ ನಾವು ಕಂಡಿಲ್ಲ ತಾಯಿ. ಅಕ್ಷರವೂ ದುಂಡಗಿದೆ.”

“ಯಜಮಾನರೇ, ಇದು ನಿಜವಾದರೆ ಊರಿನ ಗತಿ?”

“ಅದನ್ನ ಮಹಾಸಭೆ ಹೇಳಬೇಕು. ಮಹಾಸಭೆ ಒಪ್ಪಿತು ಅನ್ನು, ನಾವೆಲ್ಲ ಊರು ಬಿಟ್ಟು ಎದ್ದು ಹೋಗೋದೇ. ಮಂಡಳಿ ಆಗಲೇ ತೀರ್ಮಾನ ಮಾಡಿದೆ.”

ಅವಳು ಮನೆಗೆ ಬಂದು ಅನ್ನವನ್ನು ಬೆರಳಲ್ಲಿ ಕೆದಕುತ್ತ ಕೂತಳು. ಅವಳು ಅಣ್ಣನ ಮನೆಯಲ್ಲಿದ್ದಳು. ಅಣ್ಣ ತೀರಿಹೋಗಿದ್ದ. ಇದ್ದವಳು ಅತ್ತಿಗೆ, ಬಾಯಿ ಜೋರಿನವಳು.

“ಮುಖ ಯಾಕೆ ಹಂಗೆ ಮಾಡ್ಕೊಂಡಿದೀಯ? ಸನ್ಮಾನ ಕೊಟ್ರೋ, ಶಿಕ್ಷೆ ಕೊಟ್ರೋ?” ಎಂದಳು ಅತ್ತಿಗೆ. “ಅಟ್ಟ ಗುಡಿಸಿ ಇಟ್ಟಿದ್ದೀನಿ. ಚಾಪೆ ಹಾಕಿದ್ದೀನಿ. ನಲವತ್ತು ದಿನ ಕಾಲು ಚಾಚ್ಕೊಂಡು ಮಲಕ್ಕೋ. ನಿನಗೂ ಒಂದು ವಿಶ್ರಾಂತಿ.”

“ಅತ್ತಿಗೆ, ನಾನು ಅಟ್ಟದಲ್ಲಿ ಕೂತ್ರೆ ನಲವತ್ತನೇ ದಿನ ಏನು ಓದ್ತಾರೆ?”

“ಇನ್ನೇನು ಓದ್ತಾರೆ. ಕೇಳಿ, ಒಪ್ಪಿ, ಮೆಚ್ಚಿತು.”

ಅತ್ತಿಗೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಆಡಿದ ಮಾತು ಅವಳ ಕಿವಿಗೇ ಈಗ ಬಿದ್ದಿತ್ತು.

“ಒಪ್ಪಿತು ಅಂತ ಓದ್ತಾರೆ,” ಎಂದಳು ಅಳೆಯುವವಳು. “ಊರು ಏಳುತ್ತೆ. ನನ್ನ ಲೆಕ್ಕ ಸರಿ ಇದ್ರೆ ಸರಿ. ತಪ್ಪಾಗಿದ್ರೆ? ಇಪ್ಪತ್ತೆರಡು ವರ್ಷದಲ್ಲಿ ನನ್ನ ಪುಸ್ತಕ ತೆಗೆದು, ಹೀಗಲ್ಲ ಕಣೇ ಅಂತ ಹೇಳೋರು ಒಬ್ಬರೂ ಸಿಕ್ಕಿಲ್ಲ. ಎಲ್ಲರೂ ಅಕ್ಷರ ನೋಡ್ತಾರೆ.”

ಅತ್ತಿಗೆ ಸೌಟು ಕೆಳಗಿಟ್ಟಳು. ಆಮೇಲೆ ಒಳಗೆ ಹೋಗಿ, ಹತ್ತೊಂಬತ್ತು ದಿನಕ್ಕೆ ಆಗುವಷ್ಟು ಹುರಿಹಿಟ್ಟು ಕಟ್ಟಿಕೊಂಡು ಬಂದಳು. “ಮಂಡಳಿಯ ಬುತ್ತಿ ಮೂರು ತುತ್ತಿಗೆ ಮುಗಿಯುತ್ತೆ,” ಎಂದಳು. “ಅವರು ಅಟ್ಟದ ದೂರಕ್ಕೆ ಕಟ್ಟೋದು.”

ಗೊತ್ತುಪಡಿಸಿದ ದಿನ ಕಟ್ಟೆಯ ಮೇಲೆ ಅವಳ ಹೆಸರಿನ ಸುತ್ತು ಕೂತಿತು. ಊರು ಹಾರ ಹಾಕಿತು. ಬೇವಿನ ಮರದ ಕೆಳಗೆ ಅವಳು “ಹೋಗಿ ಬರ್ತೀನಿ” ಎಂದಳು. ಊರು “ಹೋಗಿ ಬಾ” ಎಂದಿತು. ಮೂರು ಸಲ. ಊರು ಬೆನ್ನು ತಿರುಗಿಸಿತು. ಕಳೆದ ವರ್ಷದ ಪುರಸ್ಕೃತ, ಮೋಡ ಎಣಿಸುವವನು, ಬೇಲಿಯ ಸಂದಿಯ ಮುಳ್ಳನ್ನು ಅವಳಿಗಾಗಿ ಸರಿಸಿ ಹಿಡಿದುಕೊಂಡ. ಅದು ಹಿಂದಿನವರು ಮುಂದಿನವರಿಗೆ ಮಾಡುವ ಉಪಕಾರ.

“ಬಾಮ್ಮ, ಬೇಗ ನುಸುಳು,” ಎಂದ ಪಿಸುಮಾತಿನಲ್ಲಿ.

“ನಾನು ಆ ಕಡೆ,” ಎಂದು ಅವಳು ದಾರಿ ತೋರಿಸಿದಳು.

“ಯಾವ ಕಡೆ?”

“ಮಹಾಸಭೆ ಕಡೆ.”

ಅವನು ಮುಳ್ಳು ಹಿಡಿದುಕೊಂಡೇ ನಿಂತ. ಕೈ ತರಚಿದ್ದೂ ಅವನಿಗೆ ತಿಳಿಯಲಿಲ್ಲ.

ಮೂರನೇ ದಿನ ಮಂಡಳಿಯ ಚಪ್ಪಲಿ ಕಿತ್ತುಹೋಯಿತು. ಮೂವತ್ತಾರು ವರ್ಷ ಪೂಜೆ ಪಡೆದ ಚರ್ಮ ಹಪ್ಪಳದ ಹಾಗೆ ಪುಡಿಯಾಯಿತು. ಏಳನೇ ದಿನ ಕೊಡೆಯನ್ನು ಬಿಚ್ಚಿದಳು. ಅದು ಮತ್ತೆ ಮುಚ್ಚಲಿಲ್ಲ. ಊರುಗೋಲು ಮಾತ್ರ ಗಟ್ಟಿಯಾಗಿತ್ತು, ಅದಕ್ಕೆ ಯಾರೂ ಅರಿಶಿನ ಹಚ್ಚಿರಲಿಲ್ಲ. ಅವಳು ನಡೆದಳು. ಬೆಳಗಾದರೆ ನಡೆದಳು, ಬಿಸಿಲೇರಿದರೆ ಕೂತಳು, ಬಿಸಿಲಿಳಿದರೆ ನಡೆದಳು. ನಡೆಯುವಾಗ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಸರಿಯಾಗಿದ್ದರೆ ಊರು ಹೋಯಿತು. ತಪ್ಪಾಗಿದ್ದರೆ ಇಪ್ಪತ್ತೆರಡು ವರ್ಷ ಹೋಯಿತು. ಯಾವುದು ಹೋಗಲಿ ಎಂದು ಬೇಡಿಕೊಳ್ಳುವುದು?

ಹತ್ತೊಂಬತ್ತನೇ ದಿನ ಮಹಾಸಭೆ ಕಂಡಿತು. ಕಣ್ಣು ಹಾಯುವಷ್ಟು ದೊಡ್ಡ ಬಯಲು. ಸಾವಿರ ಕಲ್ಲುಪೀಠ, ಒಂದೊಂದಕ್ಕೂ ಒಂದೊಂದು ಊರಿನ ಹೆಸರು. ಕೂತಿದ್ದವರು ಏಳು ಜನ.

ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ಮುದುಕಿ ಇದ್ದಳು. ಅವಳು ಕನ್ನಡಕ ಏರಿಸಿ ನೋಡಿದಳು.

“ಬಂದಿದ್ದೀಯೋ, ಕಳಿಸಿದ್ದಾರೋ?”

“ಎರಡೂ, ಅಜ್ಜಿ.”

“ಎರಡೂ ಆಗಿರೋರು ಅಪರೂಪ,” ಎಂದು ಮುದುಕಿ ಒಂದು ತಟ್ಟೆಯನ್ನು ಎಳೆದಳು. ತಟ್ಟೆಯಲ್ಲಿ ಎದೆಗೆ ಸಿಕ್ಕಿಸಿಕೊಳ್ಳುವ ಚೀಟಿಗಳು ಸಾಲಾಗಿ ಇದ್ದವು. ಬೀಜ ತೂಗುವವನು. ಇರುವೆ ದಾರಿಯವಳು. ಮೋಡ ಎಣಿಸುವವನು. ಅವಳ ಊರಿನ ಮೂವತ್ತೈದು ಚೀಟಿ, ಒಂದನ್ನೂ ಯಾರೂ ತೆಗೆದುಕೊಂಡಿರಲಿಲ್ಲ. ಒಂದರ ಮೇಲೂ ಧೂಳಿರಲಿಲ್ಲ.

“ಇವರೆಲ್ಲ ಚೆನ್ನಾಗಿದ್ದಾರಾ?” ಮುದುಕಿ ಅನುಮಾನಿಸುತ್ತ ಕೇಳಿದಳು. “ಹೊರಟಿದ್ದಾರೆ ಅಂತ ಓಲೆ ಬರುತ್ತೆ. ಆಮೇಲೆ ಯಾರೂ ಬರಲ್ಲ. ದಾರೀಲಿ ಏನಾಯ್ತೋ ಅಂತ ಒಬ್ಬೊಬ್ಬರಿಗೂ ಒಂದೊಂದು ವರ್ಷ ಕೊರಗಿದ್ದೀನಿ.”

“ಎಲ್ಲರೂ ಚೆನ್ನಾಗಿದ್ದಾರೆ. ನಾಲ್ಕೈದು ಜನ ತೀರಿಕೊಂಡರು. ಅವರೂ ವಯಸ್ಸಾಗಿ, ಮನೆಯಲ್ಲೇ.”

“ಅಯ್ಯೋ, ಸದ್ಯ,” ಎಂದು ಮುದುಕಿ ಎದೆಯ ಮೇಲೆ ಕೈ ಇಟ್ಟುಕೊಂಡಳು. “ಸದ್ಯ.”

ಮಹಾಸಭೆಯ ನಿಯಮ ಸುಲಭವಾಗಿತ್ತು. ಒಬ್ಬರು ಹೇಳಬೇಕು, ಮಿಕ್ಕವರು ಕೇಳಬೇಕು, ಆಮೇಲೆ ಯಾರಾದರೂ ಒಂದೇ ಒಂದು ಪ್ರಶ್ನೆ ಹಾಕಬೇಕು. ಚಪ್ಪಾಳೆ ಇರಲಿಲ್ಲ. ಅವಳು ಎದ್ದು ನಿಂತು ಪುಸ್ತಕ ತೆರೆದಳು. ಮೊದಲ ಅಳತೆ, ಪುರಸ್ಕಾರಗಳಿಗೂ ಮುಂಚೆ ಬಾವಿ ತೋಡಿದವರು ಬರೆದಿಟ್ಟದ್ದು, ಮೂವತ್ತೆರಡು ಮೊಳ ಎಂಟು ಬೆರಳು. ಅಲ್ಲಿಂದ ವರ್ಷಕ್ಕೆ ನಾಲ್ಕು ಬೆರಳು. ಓದುತ್ತ ಓದುತ್ತ ಅವಳ ದನಿ ಸಣ್ಣಗಾಯಿತು. ಯಾರೂ ಅಕ್ಷರ ನೋಡಲಿಲ್ಲ. ಅವಳು ಕೂತಳು.

ಉಪ್ಪು ಅಳೆಯುವ ಮುದುಕನೊಬ್ಬ ಕಡಲೆಕಾಯಿ ಸುಲಿಯುತ್ತ ಕೇಳುತ್ತಿದ್ದ. ಕೈಯಲ್ಲಿದ್ದ ಸಿಪ್ಪೆ ಕೊಡವಿದ.

“ಎಲ್ಲಿ ನಿಂತು ಅಳೀತೀಯಮ್ಮ?”

“ಕಟ್ಟೆ ಮೇಲೆ.”

ಮುದುಕ ತಲೆಯಾಡಿಸಿ ಮತ್ತೊಂದು ಕಾಯಿ ತೆಗೆದುಕೊಂಡ. ಅವನ ಪ್ರಶ್ನೆ ಮುಗಿದಿತ್ತು. ನಿಯಮದಂತೆ ಬೇರೆ ಯಾರೂ ಏನೂ ಕೇಳುವಂತಿರಲಿಲ್ಲ. ಅವಳು ಕಟ್ಟೆಯನ್ನು ಮನಸ್ಸಿನಲ್ಲಿ ಕಂಡಳು. ಕಟ್ಟೆಯ ಮೇಲೆ ತಾನು. ತನ್ನ ಕಾಲ ಕೆಳಗೆ ಮೋಡ ಎಣಿಸುವವನ ಕಲ್ಲು. ಅದರ ಕೆಳಗೆ ಇರುವೆ ದಾರಿಯವಳ ಕಲ್ಲು. ಅದರ ಕೆಳಗೆ ಬೀಜ ತೂಗುವವನ ಕಲ್ಲು. ಅವಳು ಎಡಗೈಯ ನಾಲ್ಕು ಬೆರಳನ್ನು ಒತ್ತಾಗಿ ಹಿಡಿದು, ಅದರ ಅಗಲವನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

“ಅಯ್ಯೋ ನನ್ನ ಬುದ್ಧಿಗಿಷ್ಟು!” ಎಂದಳು ಗಟ್ಟಿಯಾಗಿ. “ನೀರು ಇಳೀತಿಲ್ಲ. ನಾನು ಏರ್ತಿದ್ದೀನಿ!”

ಏಳು ಜನರೂ ನಕ್ಕರು. ಅದು ಅಣಕದ ನಗುವಲ್ಲ. ತಮ್ಮ ತಮ್ಮ ತಪ್ಪನ್ನು ಇದೇ ಬಯಲಿನಲ್ಲಿ ಕಂಡುಕೊಂಡವರ ನಗು. ಅವಳೂ ನಕ್ಕಳು. ಇಪ್ಪತ್ತೆರಡು ವರ್ಷದ ದುಡಿಮೆ ಕಣ್ಣೆದುರಿಗೇ ಮಣ್ಣುಪಾಲಾಗಿತ್ತು. ಅವಳಿಗೋ ಎದೆಯ ಮೇಲಿಂದ ಯಾರೋ ಬೀಸುಕಲ್ಲು ಎತ್ತಿಟ್ಟ ಹಾಗಿತ್ತು. ಆವತ್ತು ಊಟಕ್ಕೆ ಎರಡು ಸಲ ಬಡಿಸಿಕೊಂಡಳು, ಮಧ್ಯಾಹ್ನವೆಲ್ಲ ಪೀಠದ ಮೇಲೇ ಮಲಗಿ ಗೊರಕೆ ಹೊಡೆದಳು. ಮಹಾಸಭೆಯ ಇತಿಹಾಸದಲ್ಲಿ ಯಾರೂ ಅಷ್ಟು ಸಂತೋಷದಿಂದ ತಪ್ಪಾಗಿರಲಿಲ್ಲ ಎಂದು ಮುದುಕಿ ಆಮೇಲೆ ಹೇಳುತ್ತಿದ್ದಳಂತೆ.

ಬರಿಗಾಲಿನ ಹಿಮ್ಮಡಿ ಒಡೆದು ಹಿಂದಿರುಗಲು ಎರಡು ದಿನ ಹೆಚ್ಚು ಹಿಡಿಯಿತು. ನಲವತ್ತೊಂದನೇ ದಿನ ಅವಳು ಬೇವಿನ ಮರ ದಾಟಿದಾಗ ಊರಿನಲ್ಲಿ ಗಾಡಿ ಕಟ್ಟುತ್ತಿದ್ದರು. ಮಂಚ, ಒರಳು, ಕಡಾಯಿ, ಕೋಳಿಗೂಡು, ಎಲ್ಲ ಬೀದಿಗೆ ಬಂದಿದ್ದವು. ಹಿಂದಿನ ದಿನವೇ ವರದಿ ಓದಿಯಾಗಿತ್ತು. ಹನ್ನೊಂದು ವರ್ಷ ಸಮಯವಿದ್ದರೂ ಮೊದಲು ಹೋದವರಿಗೆ ಒಳ್ಳೆಯ ಜಾಗ ಸಿಗುತ್ತದೆ ಎಂದು ಎಲ್ಲರೂ ಒಟ್ಟಿಗೇ ಮೊದಲು ಹೋಗಲು ಹೊರಟಿದ್ದರು.

ಅತ್ತಿಗೆ ಓಡಿಬಂದಳು. ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು. “ಅವಳು ನಿಜವಾಗಿ ಹೋಗಿದ್ದಾಳೆ, ಬರೋ ತನಕ ತಡೀರಿ ಅಂತ ಬಾಯಿ ಬಡ್ಕೊಂಡೆ ಕಣೇ! ‘ಹೌದಮ್ಮ ಹೌದು, ಹೋಗಿದ್ದಾಳೆ’ ಅಂತ ಎಲ್ಲರೂ ನನ್ನ ಅಟ್ಟ ನೋಡಿ ಕಣ್ಣು ಹೊಡೀತಾರೆ!”

ಅಳೆಯುವವಳು ಗಾಡಿಗಳ ನಡುವೆ ನಿಂತಳು. “ಇಳಿಸಿ,” ಎಂದಳು. “ಎಲ್ಲ ಇಳಿಸಿ. ಬಾವಿ ಚೆನ್ನಾಗಿದೆ.”

ಹಿರಿಯ ವರದಿಯ ಹಾಳೆ ಹಿಡಿದು ಬಂದ. “ಮಹಾಸಭೆ ಒಪ್ಪಿದೆ ಅಂತ ಇದರಲ್ಲಿದೆಯಲ್ಲ ತಾಯಿ.”

“ಆ ವರದಿ ಬರೆದಾಗ ನಾನು ಲಂಗ ಹಾಕ್ಕೊಂಡು ಓಡಾಡ್ತಿದ್ದೆ, ಯಜಮಾನರೇ.”

ಅವಳು ಮೂವತ್ತಾರು ಮೆಟ್ಟಿಲು ಹತ್ತಿದಳು. ಹಗ್ಗ ಬಿಟ್ಟಳು. ಹಗ್ಗ ನೀರು ಮುಟ್ಟಿತು. ಮೂವತ್ತೆಂಟು ಮೊಳ ಎಂಟು ಬೆರಳು ಎಂದು ಕೂಗಿದಳು. ಆಮೇಲೆ ಅದೇ ಹಗ್ಗವನ್ನು ಕಟ್ಟೆಯ ಹೊರಗೆ, ಬೀದಿಗೆ ಇಳಿಬಿಟ್ಟಳು. ತುದಿ ನೆಲ ಮುಟ್ಟಿತು. ಅತ್ತಿಗೆ ಕೆಳಗಿಂದ ಅಳೆದಳು. ಆರು ಮೊಳ ಎಂದು ಕೂಗಿದಳು, ಕಟ್ಟಿದ ಗಂಟಲಿನಲ್ಲೇ. ಊರು ಬೆರಳು ಮಡಿಸಿ ಕಳೆಯಿತು. ಮೂವತ್ತೆರಡು ಮೊಳ ಎಂಟು ಬೆರಳು. ಮೊದಲ ದಿನ ಎಷ್ಟಿತ್ತೋ ಅಷ್ಟೇ.

ನೀರು ಸೇದುವವಳೊಬ್ಬಳು ಕೇಳಿದಳು, “ಹಂಗಾದ್ರೆ ನನ್ನ ಮಂಡಿ?”

“ನಿನ್ನ ಮಂಡಿ ನೋವು ನಿಜ,” ಎಂದಳು ಅಳೆಯುವವಳು. “ನಮ್ಮೂರಲ್ಲಿ ಸರಿಯಾಗಿ ಅಳತೆ ಮಾಡಿದ್ದು ಅದೊಂದೇ.”

ಅವಳು ತನ್ನ ಹೆಸರಿನ ಕಲ್ಲನ್ನು ತಾನೇ ಸಡಿಲಿಸಿ ಕೆಳಗಿಳಿಸಿದಳು, ಆ ಸುತ್ತಿನ ಮಿಕ್ಕ ಕಲ್ಲನ್ನು ಊರಿನವರು ಇಳಿಸಿದರು. “ನಾನು ತಪ್ಪಿದ್ದೆ,” ಎಂದಳು.

ಮೋಡ ಎಣಿಸುವವನು ಮೇಲೆ ಬಂದ. ಮುಂದಿನ ಸುತ್ತು ಅವನದು. ಕಲ್ಲನ್ನು ಎದೆಗವಚಿಕೊಂಡು ಅಷ್ಟೂ ಜನರ ಮುಂದೆ ನಿಂತ. “ನಾನು ಅಟ್ಟದಲ್ಲಿದ್ದೆ,” ಎಂದ. ಆಕಾಶ ಬೀಳಲಿಲ್ಲ. ಅವನು ನಗುತ್ತ ಇಳಿದ. ಇರುವೆ ದಾರಿಯವಳು ಬಂದಳು. “ನಾನು ಅಟ್ಟದಲ್ಲಿದ್ದೆ.” ಬೀಜ ತೂಗುವವನು ಬಂದ. “ನಾನು ಅಟ್ಟದಲ್ಲಿದ್ದೆ. ಇಲಿ ಕಾಟ ಬಹಳ ಇತ್ತು.” ತೀರಿಕೊಂಡವರ ಕಲ್ಲನ್ನು ಮಕ್ಕಳು ಇಳಿಸಿದರು. “ನಮ್ಮಮ್ಮ ಅಟ್ಟದಲ್ಲಿದ್ದಳು.” ಒಂದೊಂದು ಸುತ್ತು ಇಳಿದ ಹಾಗೂ ಊರಿನ ಬೆನ್ನು ಒಂದಿಷ್ಟು ನೆಟ್ಟಗಾಯಿತು. ಗಂಡಂದಿರು ಹೆಂಡಂದಿರು ಒಬ್ಬರನ್ನೊಬ್ಬರು ನೋಡಿ, ಎಷ್ಟೋ ವರ್ಷದಿಂದ ನುಂಗಿಕೊಂಡಿದ್ದ ನಗುವನ್ನು ನಕ್ಕರು.

ಒಂಬತ್ತು ಸುತ್ತು ಉಳಿದಾಗ ಅತ್ತಿಗೆ ಸಾಕು ಎಂದಳು. ಅದಕ್ಕೂ ಕೆಳಗಿಳಿಸಿದರೆ ಎಮ್ಮೆಕರುಗಳು ಬಾವಿಗೆ ಬೀಳುತ್ತವೆ. ಮೊದಲ ಒಂಬತ್ತು ವರ್ಷದ ಪುರಸ್ಕಾರಗಳಿಂದ ಊರಿಗೆ ಉಪಯೋಗವಾಗಿತ್ತು ಎಂದು ಎಲ್ಲರೂ ಒಪ್ಪಿದರು. ಆದ್ದರಿಂದ ಹಿರಿಯ ಏನೂ ಹೇಳಬೇಕಾಗಿ ಬರಲಿಲ್ಲ.

ಬಿಸಿಲಿಳಿಯಿತು. ಗಾಡಿಗಳು ಖಾಲಿಯಾದವು. ಹೆಂಗಸರು ನಿಂತ ನೆಲದಿಂದಲೇ ಕೊಡ ಇಳಿಬಿಟ್ಟು, ಉಳಿದುಹೋದ ಹಗ್ಗವನ್ನು ಆಶ್ಚರ್ಯದಿಂದ ಕೈಗೆ ಸುತ್ತಿಕೊಳ್ಳುತ್ತಿದ್ದರು. ಅಳೆಯುವವಳು ಒಡೆದ ಹಿಮ್ಮಡಿಗೆ ನೀರು ಹಾಕಿಕೊಳ್ಳುತ್ತಿದ್ದಾಗ ಹಿರಿಯ ಬಂದು, ಗಿಡ್ಡವಾದ ಕಟ್ಟೆಯ ಮೇಲೆ ಕೂತ.

“ನನಗೆ ಆವತ್ತು ಜ್ವರ ಇತ್ತು ಕಣಮ್ಮ,” ಎಂದ. ಯಾರೂ ಕೇಳಿರಲಿಲ್ಲ. “ಮಾರನೇ ದಿನ ಹೊರಡೋಣ ಅಂತಿದ್ದೆ. ಅಷ್ಟರಲ್ಲಿ ಕಲ್ಲು ಕೂರಿಸಿಬಿಟ್ಟಿದ್ರು. ಮಾರನೇ ವರ್ಷದವನು ನನ್ನ ಮರ್ಯಾದೆ ಉಳಿಸೋಕೆ ಹೋಗಲಿಲ್ಲ. ಆಮೇಲಿನವಳು ಅವನ ಮರ್ಯಾದೆ ಉಳಿಸೋಕೆ.”

“ಒಂದೇ ಒಂದು ಜ್ವರವಾ, ಯಜಮಾನರೇ?”

“ಸಣ್ಣ ಜ್ವರ. ಕಷಾಯ ಕುಡಿದಿದ್ರೆ ಹೋಗ್ತಿತ್ತು.”

ಅವಳು ನಗು ತಡೆದುಕೊಂಡು ಅವನ ಕಾಲಿನ ಪಕ್ಕಕ್ಕೂ ಒಂದು ಚೊಂಬು ನೀರು ಸರಿಸಿದಳು. ಹಿರಿಯ ಆಚೀಚೆ ನೋಡಿ ದನಿ ತಗ್ಗಿಸಿದ.

“ಒಂದು ಕೇಳ್ತೀನಿ, ನಗಬಾರದು. ಅಲ್ಲಿ ಊಟ ಹೇಗಿರುತ್ತೆ?”

ಅವಳು ನಗಲಿಲ್ಲ. ನೆನಪು ಮಾಡಿಕೊಂಡು ಹೇಳಿದಳು. “ಸಾರು ಚೆನ್ನಾಗಿತ್ತು. ಅನ್ನ ಸ್ವಲ್ಪ ಮೆತ್ತಗಾಗಿತ್ತು, ಸಾವಿರ ಜನಕ್ಕೆ ಬೇಯಿಸಿರ್ತಾರಲ್ಲ. ಕೊನೆಗೆ ಪಾಯಸ.”

“ಯಾವ ಪಾಯಸ?”

“ಹೆಸರುಬೇಳೆದು. ಬೆಲ್ಲ ಮುಂದಾಗಿತ್ತು.”

“ಮುಂದಾಗಿರಬೇಕು,” ಎಂದು ಹಿರಿಯ ತಲೆಯಾಡಿಸಿದ, ಆ ಪಾಯಸವನ್ನು ಮೂವತ್ತೈದು ವರ್ಷದಿಂದ ಬಲ್ಲವನ ಹಾಗೆ. ಆಮೇಲೆ ಸರಿದು ಅವಳಿಗೆ ಕೂರಲು ಜಾಗ ಮಾಡಿದ.

“ಕೂತ್ಕೋ,” ಎಂದ. “ಮೊದಲಿಂದ ಹೇಳು.”